ಹತ್ತು ಸೆಕೆಂಡಿನ ಓಟ

ನಮ್ಮ ಪ್ರೆಸ್ಸಿನಲ್ಲಿ ಕ್ಯಾಲೆಂಡರ್ ಅಚ್ಚಾಗುತ್ತದೆ. ಅದಕ್ಕೆ ಚಿತ್ರ ಆರಿಸುವ ದಿನ ಎಲ್ಲರಿಗಿಂತ ಮೊದಲು ಬಂದು ಕೂರುವವರು ಎಕ್ಸ್‌ರೇ ಮಾವ. ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಊರವರ ಎಲುಬುಗಳನ್ನೆಲ್ಲ ನೋಡಿದ ಮನುಷ್ಯ. ಮನೆಯಲ್ಲಿ ಮಾತ್ರ ಅವರೊಬ್ಬರೇ. ನಿವೃತ್ತಿಯಾದ ಮೇಲೆ ಕ್ಯಾಮೆರಾ ಕೊಂಡು ಬೆಟ್ಟ, ಕೆರೆ, ಬಯಲು ತೆಗೆಯುತ್ತಾ ಅಲೆಯುತ್ತಾರೆ.

ಕೆಲಸ ಅಚ್ಚುಕಟ್ಟು. ಬಿಸಿಲು ಅಡ್ಡ ಬೀಳುವ ಹೊತ್ತಿಗೇ ಹೋಗಬೇಕು. ನೆತ್ತಿಯ ಬಿಸಿಲಲ್ಲಿ ಬೆಟ್ಟ ಇಸ್ತ್ರಿ ಮಾಡಿದ ಬಟ್ಟೆಯಂತೆ ಚಪ್ಪಟೆಯಾಗುತ್ತದೆ. ನೆಲ, ಆಕಾಶ ಸೇರುವ ಗೆರೆ ಚಿತ್ರದ ನಟ್ಟನಡುವೆ ಬರಬಾರದು. ಎದುರಿಗೊಂದು ಕಲ್ಲೋ ಪೊದೆಯೋ ಇದ್ದರೆ ದೂರವೆನ್ನುವುದು ದೂರವಾಗಿ ಕಾಣುತ್ತದೆ. ಸ್ಟ್ಯಾಂಡು ಗಾಳಿಗೆ ಅಲುಗದಂತೆ ಕಲ್ಲಿನ ಚೀಲ ತೂಗುಹಾಕುತ್ತಾರೆ. ಬಟನ್ ಒತ್ತುವ ಮುನ್ನ ಹಳೇ ಚಾಳಿಯಂತೆ ಬೆಟ್ಟಕ್ಕೂ "ಉಸಿರು ಹಿಡೀರಿ" ಅನ್ನುತ್ತಾರಂತೆ. ಬೆಟ್ಟ ಇದುವರೆಗೂ ಅಲುಗಿಲ್ಲ.

ಐದು ವರ್ಷ ಅವರ ಚಿತ್ರಗಳನ್ನು ವಾಪಸ್ಸು ಕಳಿಸಿದ್ದೆ. ಈ ಸಲ ಕೇಳಿಯೇಬಿಟ್ಟರು. "ನಿಜ ಹೇಳಪ್ಪ, ಏನು ಕಮ್ಮಿ?"

"ಜನ ಕಮ್ಮಿ ಮಾವ. ಬೆಟ್ಟ ಎಷ್ಟು ದೊಡ್ಡದು ಅಂತ ಗೊತ್ತಾಗೋಕೆ ಒಂದು ನರಪಿಳ್ಳೆಯಾದ್ರೂ ಬೇಡ್ವಾ? ಯಾರನ್ನಾದ್ರೂ ನಿಲ್ಲಿಸಿ."

"ಯಾರನ್ನ?"

ಈ ಸಲದವನ್ನೂ ಲಕೋಟೆಗೆ ಹಾಕಿ ವಾಪಸ್ಸು ಕೊಟ್ಟೆ.

ವಾರ ಬಿಟ್ಟು ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದು, ಮೇಜಿನ ತುಂಬ ಚಿತ್ರ ಹರಡಿದರು. ಕ್ಯಾಮೆರಾಗೆ ಹತ್ತು ಸೆಕೆಂಡಿನ ಗಡುವು ಕೊಟ್ಟು ತಾವೇ ಓಡಿದ್ದಾರೆ. ಎದುರಿನ ಬಂಡೆ ಮುಟ್ಟಿ, ಇತ್ತ ತಿರುಗಿ ನಿಲ್ಲುವುದು ಅವರ ಲೆಕ್ಕ. ಮಂಡಿ ಆ ಲೆಕ್ಕಕ್ಕೆ ಒಪ್ಪಿಲ್ಲ. ನಲವತ್ತು ಚಿತ್ರಗಳಲ್ಲೂ ಬೆನ್ನೇ.

"ಮುಖ ಒಂದರಲ್ಲೂ ಬಂದಿಲ್ಲ, ಬಿಡು," ಎಂದು ಎದ್ದರು.

ನಾನು ಒಂದನ್ನು ಎಳೆದಿಟ್ಟುಕೊಂಡೆ. ಅಷ್ಟಗಲ ಬಯಲು, ಆಚೆ ಬೆಟ್ಟ, ನಡುವೆ ಉಗುರಿನಷ್ಟು ಮನುಷ್ಯ. ಅಲ್ಲಿ ಯಾರೋ ಕಾದಿರುವಂತೆ ಅವಸರದಲ್ಲಿ ಹೋಗುತ್ತಿದ್ದಾನೆ.

"ಕೂತ್ಕೊಳ್ಳಿ ಮಾವ. ಇದು ಜನವರಿಗೆ."

ಅಚ್ಚಾದ ಮೇಲೆ, ಚಿತ್ರ ಕೊಟ್ಟವರಿಗೆ ಸಲ್ಲುವ ಇಪ್ಪತ್ತೈದು ಕ್ಯಾಲೆಂಡರ್‌ಗಳ ಕಟ್ಟು ಅವರ ಮುಂದಿಟ್ಟೆ. ಕಟ್ಟು ಬಿಚ್ಚಿ ಒಂದನ್ನು ಸುರುಳಿ ಸುತ್ತಿಕೊಂಡರು.

"ಮಿಕ್ಕಿದ್ದು ಬೇಡ್ವಾ? ಬೇಕಾದವರಿಗೆ ಹಂಚಿ ಮಾವ."

ಯಾರ್ಯಾರಿಗೆ ಎಂದು ಎಣಿಸಲು ಒಂದು ಬೆರಳು ಮಡಿಸಿ, ಮತ್ತೆ ಬಿಡಿಸಿದರು. ಆಮೇಲೆ ಇನ್ನೊಂದನ್ನು ತೆಗೆದುಕೊಂಡರು.

"ಅಡಿಗೆಮನೆಗೊಂದು ಇರಲಿ," ಎಂದರು.