ರೇಸು ಕಾರಿಗೆ ಎಣ್ಣೆ ಕಾಯಿಸಿದ ಅಕ್ಕ

ಹರಳೆಣ್ಣೆ ಸುಟ್ಟ ವಾಸನೆ ಮೆಟ್ಟಿಲು ಹತ್ತಿ ಬಂದಾಗ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಕೈ ಅಲ್ಲೇ ನಿಂತಿತು. ಆ ವಾಸನೆ ಮೂಗಿಗೆ ಬಿದ್ದು ಎಷ್ಟೋ ವರ್ಷ ಆಗಿತ್ತು.

ಮೊಮ್ಮಗ ಅಟ್ಟೂರಿನ ನಮ್ಮ ಮನೆಯ ಕೆಳಗೆ ಒಂದು ಹಳೇ ರೇಸು ಕಾರು ತಂದು ನಿಲ್ಲಿಸಿದ್ದಾನೆ. ಹೊರದೇಶದ್ದು, ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡ ಹಾಗಿದೆ. ಅದರೊಳಗೆ ಕೂರುವುದಕ್ಕಾಗುವುದಿಲ್ಲ, ಮಲಗಬೇಕು. ನಮ್ಮ ದ್ರಾಕ್ಷಿ ತೋಟ ಇದ್ದ ಕಡೆ ಮಗ ಅಪಾರ್ಟ್‌ಮೆಂಟ್ ಕಟ್ಟಿದ, ಅದರ ದುಡ್ಡಲ್ಲಿ ಮೊಮ್ಮಗ ಕಾರು ತಂದ. ಕಾರು ನಿಲ್ಲಿಸುವ ಜಾಗಕ್ಕೆ ಎಸಿ ಇದೆ, ನನ್ನ ರೂಮಿಗೆ ಫ್ಯಾನು. ಹಳೇ ರೇಸಿನ ಎಂಜಿನ್ನಿಗೆ ಹರಳೆಣ್ಣೆ ಬೆರೆತ ಆಯಿಲ್ಲೇ ಆಗಬೇಕಂತೆ. ಅವತ್ತು ಮೊದಲ ಸಲ ಸ್ಟಾರ್ಟ್ ಮಾಡಿದ್ದ. ಮನೆ ತುಂಬ ಹೊಗೆ.

ಭಾನುವಾರ ಬಂದರೆ ಕಾರು ನೋಡುವುದಕ್ಕೆ ಅವನ ಸ್ನೇಹಿತರು ಬರುತ್ತಾರೆ. ಅದು ಯಾವ ಯಾವ ರೇಸಿನಲ್ಲಿ ಓಡಿತು, ಯಾರು ಓಡಿಸಿದರು, ಯಾವ ತಿರುವಿನಲ್ಲಿ ಬಾಗಿಲು ಜಜ್ಜಿತು, ಜಜ್ಜಿದ್ದನ್ನು ಯಾರು ತಟ್ಟಿ ಸರಿ ಮಾಡಿದರು... ಎಲ್ಲ ಅವನ ಬಾಯಲ್ಲಿದೆ. ಕಾರು ಓಡಿಸಿದವರ ಫೋಟೋ ಗೋಡೆ ಮೇಲೆ ಹಾಕಿದ್ದಾನೆ. ಕಾರು ಸ್ಟಾರ್ಟ್ ಮಾಡಿದ ಆ ಭಾನುವಾರವೂ ಅದೆಲ್ಲ ಹೇಳಿ ಮುಗಿಸಿ, ತನ್ನ ಚಿಕ್ಕತಾತನ ಕಥೆ ತೆಗೆದ. ಚಿಕ್ಕತಾತ ಅಂದರೆ ನನ್ನ ಮೈದುನ.

"ನಮ್ದು ರೇಸ್ ಫ್ಯಾಮಿಲಿ ಗುರು. ಚಿಕ್ತಾತ ಇಲ್ಲೇ ಯಲಹಂಕ ರನ್‌ವೇ ಮೇಲೆ ಕಾರ್ ಓಡ್ಸಿದ್ರು. ಗೆದ್ದೇ ಬಿಡೋರು. ಹೊರಡೋ ಟೈಮಿಗೆ ಪಕ್ಕದ್ಮನೆ ವಿಧವೆ ಆಂಟಿ ಎದುರಿಗೆ ಬಂದ್ಬಿಟ್ರಂತೆ. ಅರ್ಧ ರೇಸಿಗೆ ಎಂಜಿನ್ ಢಮಾರ್."

ಎಲ್ಲರೂ ನಕ್ಕರು. ನಾನು ಮೇಲೆ ನಿಂತು ಕೇಳಿದೆ. ಆ ಮುಂಡೇವು ಯಾರ ಮೇಲೆ ನಗುತ್ತಿದ್ದಾವೆ ಅಂತ ಅವುಗಳಿಗೇ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಉಳಿದಿರುವವಳು ನಾನೊಬ್ಬಳು.

ನಾನು ಮದುವೆಯಾಗಿ ಯಲಹಂಕದ ಹಳೇ ಊರಿಗೆ ಬಂದಾಗ ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಒಡಹುಟ್ಟಿದ ಅಕ್ಕ ಅಲ್ಲ, ವಯಸ್ಸಿನಲ್ಲಿ ದೊಡ್ಡವಳು ಅಂತ ಹಾಗೆ ಕರೆಯುತ್ತಿದ್ದೆ. ಗಂಡ ಚಿಕ್ಕ ವಯಸ್ಸಿಗೇ ಹೋಗಿದ್ದ, ಮಕ್ಕಳಿರಲಿಲ್ಲ. ಹರಳೆಣ್ಣೆ ಮಾಡಿ ಮಾರುವುದು ಅವಳ ಬದುಕು. ಹರಳು ಹುರಿದು, ಕುಟ್ಟಿ, ನೀರಲ್ಲಿ ಬೇಯಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಬಳಿದು ತೆಗೆಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಬಳಿದ ಎಣ್ಣೆಯಲ್ಲಿ ಇನ್ನೂ ನೀರಿರುತ್ತದೆ. ಮತ್ತೆ ಸಣ್ಣ ಉರಿಗಿಟ್ಟು, ಚಿಟಚಿಟ ಅನ್ನುವುದು ನಿಲ್ಲುವ ತನಕ ಕಾಯಿಸಬೇಕು. ಅಕ್ಕ ಒಲೆಯ ಮುಂದೆ ಎಲೆ ಅಡಿಕೆ ಜಗಿಯುತ್ತ, ಬೀದಿಯವರನ್ನೆಲ್ಲ ಬೈಯುತ್ತ, ಆ ಸದ್ದು ನಿಲ್ಲುವುದನ್ನೇ ಕಾಯುತ್ತಿದ್ದಳು. ಸಾಧು ಹೆಂಗಸಲ್ಲ. ನನ್ನನ್ನೂ ಬಿಡುತ್ತಿರಲಿಲ್ಲ. ನಾನು ತಟ್ಟಿದ ರಾಗಿ ರೊಟ್ಟಿ ನೋಡಿ, ಇದನ್ನ ಕಾಲಿಗೆ ಹಾಕ್ಕೊಂಡು ಹೊಲಕ್ಕೆ ಹೋಗ್ಬಹುದು ಅಂದಿದ್ದಳು.

ಊರಿನ ಕೂಸುಗಳ ನೆತ್ತಿಗೆಲ್ಲ ಅವಳ ಎಣ್ಣೆಯೇ. ಬಾಣಂತಿಗೂ ಅದೇ. ಆದರೆ ಅದೇ ಕೂಸಿಗೆ ಹೆಸರಿಡುವ ದಿನ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಅವಳೂ ಹೋಗುತ್ತಿರಲಿಲ್ಲ.

ಆಗ ಯಲಹಂಕದಲ್ಲಿ ವಿಮಾನ ಇಳಿಯುವ ರಸ್ತೆ ಮೇಲೆ ಕಾರು, ಬೈಕು ರೇಸು ನಡೆಯುತ್ತಿದ್ದವು. ಮೈದುನನಿಗೆ ಅದರ ಹುಚ್ಚು ಹತ್ತಿತು. ಯಾವುದೋ ಹಳೇ ವಿದೇಶಿ ಕಾರಿನ ಎಂಜಿನ್ ತಂದು, ತಗಡು ಹೊದಿಸಿ, ನಮ್ಮ ಕೊಟ್ಟಿಗೆಯಲ್ಲೇ ಒಂದು ಕಾರು ಮಾಡಿದ. ಎಮ್ಮೆಗಳು ಹೊರಗೆ, ಕಾರು ಒಳಗೆ. ರೇಸಿಗೆ ಹರಳೆಣ್ಣೆ ಒಳ್ಳೆಯದು ಅಂತ ಯಾರೋ ಹೇಳಿದರು. ಪೇಟೆಯ ಎಣ್ಣೆ ಕಲಬೆರಕೆ. ಅಕ್ಕನ ಹತ್ತಿರ ಹೋದ.

"ಹುಷಾರು ಕಣಪ್ಪ," ಅಂದಳು ಅವಳು. "ನಮ್ಮೆಣ್ಣೆ ಕುಡಿದೋರು ಕೂತ ಕಡೆ ಕೂರಕಿಲ್ಲ. ನಿನ್ ಕಾರೂ ಅಷ್ಟೇಯ."

ಕಾರು ಬೀದಿಯಲ್ಲಿ ಓಡಿ ಹೊಗೆ ಬಿಟ್ಟರೆ ಅಕ್ಕ ಬಾಗಿಲಿಗೆ ಬಂದು ಮೂಗೆಳೆದು, ನಮ್ಮನೆ ಒಲೆ ರಸ್ತೆ ಮ್ಯಾಲೆ ಓಡ್ದಂಗೈತೆ ಅಂತ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದು ನಾನು ಬೇರೆ ಯಾವಾಗಲೂ ನೋಡಲಿಲ್ಲ.

ರೇಸಿನ ಹಿಂದಿನ ಸಂಜೆ ಅವಳ ಮನೆಯಲ್ಲಿ ಎರಡು ಡಬ್ಬ ಇದ್ದವು. ಕಾಯಿಸಿ ಮುಗಿಸಿದ್ದು ಒಳಗೆ, ಒಲೆ ಪಕ್ಕ. ನೀರಿನ ಮೇಲಿಂದ ಬಳಿದಿಟ್ಟಿದ್ದು, ಇನ್ನೂ ಕಾಯಿಸಬೇಕಾದದ್ದು, ಹೊರಗೆ ಜಗಲಿ ಮೇಲೆ. ಬೆಳಿಗ್ಗೆ ಬಾಗಿಲು ತಟ್ಟು, ಒಳಗಿನ ಡಬ್ಬ ಕೊಡುತ್ತೇನೆ ಅಂತ ಮೈದುನನಿಗೆ ಹೇಳಿದ್ದಳು. ನಾನೂ ಅಲ್ಲೇ ಇದ್ದೆ.

ಆದರೆ ರೇಸಿನ ಬೆಳಿಗ್ಗೆ ವಿಧವೆಯ ಮುಖ ನೋಡಬಾರದಲ್ಲ. ಅವಳ ಕೈಯಿಂದ ಏನೂ ತೆಗೆದುಕೊಳ್ಳಬಾರದಲ್ಲ. ನಮ್ಮ ಅತ್ತೆ ಮೈದುನನಿಗೆ ಅದನ್ನೇ ಹೇಳಿದರು: ಕೂಗಬೇಡ, ಕರೆಯಬೇಡ, ಸುಮ್ಮನೆ ಎತ್ತಿಕೊಂಡು ಬಾ. ಅವನು ಬಾಗಿಲು ತಟ್ಟದೆ, ಜಗಲಿ ಮೇಲಿದ್ದ ಡಬ್ಬ ಎತ್ತಿಕೊಂಡು ಬಂದು ಎಂಜಿನ್ನಿಗೆ ಸುರಿದ. ಎಣ್ಣೆ ಮಬ್ಬಾಗಿತ್ತು. ಚಳಿಗೆ ಹಾಗಾಗಿದೆ ಅಂದುಕೊಂಡರು.

ಆರತಿ ಆಯಿತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಎಂಜಿನ್ ಶುರುವಾಗಿ, ಕುಂಬಳಕಾಯಿ ಒಡೆಯುವ ಹೊತ್ತಿಗೆ ಸರಿಯಾಗಿ ಅಕ್ಕ ಒಳಗಿನ ಡಬ್ಬ ಸೊಂಟಕ್ಕಿಟ್ಟುಕೊಂಡು ಓಡಿ ಬಂದಳು. ತಲೆ ಮೇಲೆ ಸೆರಗಿಲ್ಲ, ಕಾರಿಗೆ ನೇರ ಎದುರು.

"ಆ ಎಣ್ಣೆ ಬ್ಯಾಡ ಕಣಪ್ಪ. ಅದ್ರಾಗೆ ನೀರೈತೆ."

ಅತ್ತೆ ಕುಂಬಳಕಾಯಿ ಕೆಳಗಿಟ್ಟು, ಒಳ್ಳೆ ಕೆಲಸಕ್ಕೆ ಹೊರಟಾಗ ಎದುರಿಗೆ ಬರ್ತೀಯಾ ಅಂತ ಅವಳ ರಟ್ಟೆ ಹಿಡಿದು ತಳ್ಳಿದರು. ಮೈದುನ ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿಕೊಂಡ. ಅವಳು ಮತ್ತೆ ಕೂಗಿದಳು. ನಾನೂ ಕೂಗಿದೆ, ನೀರಿದೆಯಂತೆ, ಇಳೀರಿ ಅಂತ. ಅವನು ಅವಳತ್ತ ನೋಡದೆ ಕಾರು ಬಿಟ್ಟ.

ಅಕ್ಕ ಡಬ್ಬ ಎತ್ತಿಕೊಂಡು ರನ್‌ವೇ ಕಡೆ ನಡೆದೇ ಹೋದಳು. ಅವಳು ಮುಟ್ಟುವ ಹೊತ್ತಿಗೆ ಕಾರು ಹೊಗೆ ಬಿಟ್ಟು ನಿಂತಿತ್ತಂತೆ.

ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಮೈದುನ ಕೊಟ್ಟಿಗೆಯಲ್ಲಿ ಎಂಜಿನ್ ಬಿಚ್ಚುವಾಗ ನಾನು ಕಾಫಿ ತೆಗೆದುಕೊಂಡು ಹೋದೆ. ಕೆಳಗಿಟ್ಟ ತಟ್ಟೆಗೆ ಎಣ್ಣೆ ಇಳಿಯುತ್ತಿತ್ತು. ನೀರು ಬೆರೆತು ಮಜ್ಜಿಗೆಯ ಹಾಗೆ ಬೆಳ್ಳಗೆ, ನೊರೆ ನೊರೆ. ಅವನು ನೋಡಿದ. ನಾನು ನೋಡಿದ್ದನ್ನೂ ನೋಡಿದ. ಗೋಣಿಚೀಲ ಎಳೆದು ತಟ್ಟೆಗೆ ಮುಚ್ಚಿದ.

ಅಕ್ಕ ಹೇಳೋಕೆ ಬಂದಿದ್ದು ಇದನ್ನೇ ಅಲ್ವಾ ಅಂದೆ.

"ಅವಳು ಎದುರಿಗೆ ಬಂದಿದ್ದು ಸುಳ್ಳಾ ಅತ್ತಿಗೆ?" ಅಂದ ಆ ಗಂಡಸು.

ನನಗೆ ಇವತ್ತಿಗೂ ಮೈ ಉರಿಯುವುದು ಆ ಮಾತಿಗೆ. ಅತ್ತೆಗೆ ಎಂಜಿನ್ ಅಂದರೇನು ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ, ಅವರನ್ನು ಬೈದು ಸುಮ್ಮನಾಗಬಹುದು. ಇವನಿಗೆ ಗೊತ್ತಿತ್ತು. ಕಣ್ಣಾರೆ ಕಂಡು ಗೋಣಿಚೀಲ ಮುಚ್ಚಿದ.

ವಾರ ಕಳೆಯುವುದರೊಳಗೆ ಊರಿಗೆಲ್ಲ ಹಬ್ಬಿತು. ಕಾರನ್ನೇ ಸುಟ್ಟವಳ ಎಣ್ಣೆ ಕೂಸಿನ ನೆತ್ತಿಗೆ ಹಾಕುವುದುಂಟೇ? ಒಬ್ಬೊಬ್ಬರಾಗಿ ನಿಲ್ಲಿಸಿದರು. ನಾನು ಕಂಡ ಕಂಡವರಿಗೆ ಹೇಳಿದೆ, ಬಾವಿಕಟ್ಟೆಯಲ್ಲಿ ಜಗಳ ಆಡಿದೆ. ನಿನ್ನೆ ಮೊನ್ನೆ ಬಂದ ಸೊಸೆಗೆ ಬಾಯಿ ಜಾಸ್ತಿ ಅಂದರು. ಅಕ್ಕ ಮೈದುನನನ್ನು ಕೇಳಿಕೊಂಡಿದ್ದು ಒಂದೇ: ಅರಳಿಕಟ್ಟೆ ಹತ್ತಿರ ನಾಲ್ಕು ಜನರ ಮುಂದೆ ಬಂದು, ಡಬ್ಬ ಅದಲುಬದಲಾಯಿತು ಅಂತ ಒಂದು ಮಾತು ಹೇಳು ಅಂತ. ಬರುತ್ತೇನೆ ಅಂದ. ಅವಳು ಕಟ್ಟೆ ಹತ್ತಿರ ಕತ್ತಲಾಗುವ ತನಕ ನಿಂತಿದ್ದು ಬಂದಳು. ಅವನು ಹಿತ್ತಲ ಬಾಗಿಲಿಂದ ಹೋಗಿದ್ದ.

ಅವಳ ಒಲೆ ಹೊತ್ತುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ದೊಡ್ಡಬಳ್ಳಾಪುರದ ಕಡೆ ತಮ್ಮನ ಮನೆಗೆ ಹೋದಳು. ಹೋಗುವ ದಿನ ಗೋಡೆಯಾಚೆಯಿಂದ ಪಾತ್ರೆ ಕಟ್ಟುವ ಸದ್ದು ಕೇಳಿಸುತ್ತಿತ್ತು... ನಾನು ಹೋಗಿ ಗಂಟು ಎತ್ತಿಕೊಟ್ಟೆ. ರೊಟ್ಟಿ ಇನ್ನೂ ತೆಳ್ಳಗೆ ತಟ್ಟು ಅಂದಳು. ಅವಳು ಸತ್ತ ಸುದ್ದಿ ತಿಥಿ ಮುಗಿದ ಮೇಲೆ ಬಂತು.

ಮೈದುನ ತುಂಬ ವರ್ಷ ಬದುಕಿದ. ಮದುವೆ ಮನೆಗಳಲ್ಲಿ ಊಟದ ಎಲೆ ಮುಂದೆ ಕೂತು ಆ ಕಥೆ ಹೇಳಿ ಜನರನ್ನು ನಗಿಸುತ್ತಿದ್ದ. ಸುಳ್ಳು ಹೇಳಬೇಡ ಅಂತ ನಾನು ಎದ್ದು ನಿಂತರೆ, ಅತ್ತಿಗೆಗೆ ಪಕ್ಕದ ಮನೆಯವರೇ ಬಳಗ ಅಂತ ಅದಕ್ಕೂ ನಗಿಸುತ್ತಿದ್ದ. ಸಾಯುವ ತನಕ ಸರಿ ಮಾಡಲಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅಂತ ಮಗ ಹೇಳುತ್ತಾನೆ. ಅಕ್ಕನೂ ಸತ್ತವಳೇ, ಅವಳ ಬಗ್ಗೆ ಮಾತ್ರ ಏನು ಬೇಕಾದರೂ ಹೇಳಬಹುದೋ?

ಆ ಭಾನುವಾರ ನಾನು ಕೆಳಗಿಳಿದು ಹೋಗಿ, ಮೊಮ್ಮಗನ ಸ್ನೇಹಿತರ ಮುಂದೆಯೇ ಇಷ್ಟನ್ನೂ ಹೇಳಿದೆ. ನಾನು ಕೇಳಿದ್ದು ಹೇಳ್ದೆ ಅಜ್ಜಿ ಅಂದ ಮೊಮ್ಮಗ. ಅವನ ತಪ್ಪೇನಿಲ್ಲ, ಒಪ್ಪಿದೆ.

ಮುಂದಿನ ಭಾನುವಾರ ಬೇರೆ ಸ್ನೇಹಿತರು ಬಂದರು. ಮತ್ತೆ ಕೆಳಗಿಂದ ಮೊಮ್ಮಗನ ದನಿ ಕೇಳಿಸಿತು: "ನಮ್ ಟೀಮಿಗೆ ಫಸ್ಟ್ ಆಯಿಲ್ ಸ್ಪಾನ್ಸರ್ ಒಬ್ರು ಲೇಡಿ ಗುರು. ಆ ಕಾಲದಲ್ಲೇ." ಜನ ವಾಹ್ ಅಂದರು. ನೀರಿನ ಮಾತಿಲ್ಲ, ತಳ್ಳಿದ ಮಾತಿಲ್ಲ, ಗೋಣಿಚೀಲದ ಮಾತಿಲ್ಲ.

ಸಂಜೆ ಮೇಲೆ ಬಂದು ನನ್ನ ಪಕ್ಕ ಕೂತ. ಆ ಅಜ್ಜಿ ಹೆಸರೇನು, ಫೋಟೋ ಏನಾದರೂ ಸಿಗುತ್ತಾ, ಗೋಡೆ ಮೇಲೆ ಹಾಕೋಣ ಅಂದ. ಪ್ರೀತಿಯಿಂದಲೇ ಕೇಳಿದ. ಫೋಟೋ ಯಾರು ತೆಗೆದಿದ್ದರು ಅವಳದ್ದು... ಹೆಸರು ನನಗೆ ಗೊತ್ತಿದೆ. ಹೆಸರಿನ ಕೆಳಗೆ, ನಿಮ್ಮ ಚಿಕ್ಕತಾತ ಎಲ್ಲ ಗೊತ್ತಿದ್ದೂ ಸುಳ್ಳು ಹೇಳಿದ ಅಂತ ಬರೆಸುತ್ತೀಯಾ ಅಂತ ಕೇಳಿದೆ.

"ಅದ್ಯಾಕಜ್ಜಿ," ಅಂದ. "ಅದು ಮನೆ ಒಳಗಿನ ಮಾತು."

ಹಾಗಾದರೆ ಹೆಸರೂ ಬೇಡ ಅಂದೆ.

ನಾನು ಸತ್ತ ಮೇಲೆ ಅವಳ ಹೆಸರು ಗೊತ್ತಿರುವವರು ಯಾರೂ ಇರುವುದಿಲ್ಲ. ಇಲ್ಲೂ ಬರೆದಿಲ್ಲ, ಬೇಕೆಂದೇ ಬರೆದಿಲ್ಲ. ಹೋದರೆ ಹೋಗಲಿ. ಅವಳನ್ನು ಊರು ಬಿಡಿಸಿದ ಮನೆಗೆ ಅವಳ ಹೆಸರಿಂದ ಮೆರೆಯುವ ಹಕ್ಕಿಲ್ಲ.