ಲೋಕಲ್ ಮಂದಿಗೆ ರೂಮಿಲ್ಲ

ನಮ್ಮ ಹೊಳೆದಂಡೆಯಲ್ಲಿ ನಮಗೇ ರೂಮಿಲ್ಲವಂತೆ ಗೆಳೆಯರೇ! ಮೈ ಇನ್ನೂ ಉರಿಯುತ್ತಿದೆ.

ಗಲಗಲಿ ಹತ್ತಿರ ಹೊಳೆದಂಡೆಯಲ್ಲಿದ್ದ ಜಮೀನ್ದಾರರ ಹಳೇ ವಾಡೆಯೊಂದನ್ನು ಹೋಟೆಲ್ ಮಾಡಿದ್ದಾರೆ. 'ಇಲ್ಲಿಯವರಂತೆ ಎರಡು ದಿನ ಬದುಕಿ' ಎಂಬ ಜಾಹೀರಾತು ಹೆಂಡತಿಗೆ ಹಿಡಿಸಿತ್ತು. ಫೋನಿನಲ್ಲೇ ಬುಕ್ ಮಾಡಿ, ಇವತ್ತು ಇಬ್ಬರೂ ಬನಹಟ್ಟಿಯಿಂದ ಹೋದೆವು.

ಮ್ಯಾನೇಜರ್ ನಮ್ಮ ಆಧಾರ್ ಕಾರ್ಡ್ ನೋಡಿದವನೇ ವಾಪಸ್ ಕೊಟ್ಟ. "ಲೋಕಲ್ ಮಂದಿಗೆ ರೂಮ್ ಕೊಡೂದಿಲ್ರಿ. ಮಾಲಕರ ರೂಲ್ ಐತಿ."

"ಯಾಕ್ರಿ?"

"ಹೊರಗಿಂದ ಬಂದ ಗೆಸ್ಟ್‌ಗೋಳಿಗೆ ತ್ರಾಸ್ ಆಕ್ಕತ್ರಿ."

ಅವನ ಹಿಂದಿನ ಗೋಡೆಗೆ ಅಲಂಕಾರಕ್ಕೆಂದು ಬನಹಟ್ಟಿಯ ಸೀರೆ ತೂಗುಹಾಕಿದ್ದರು. ಊಟದ ಬೋರ್ಡಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಹೆಂಡತಿ ಕೆಂಡವಾದಳು. "ನಮ್ಮ ಸೀರಿ ಬೇಕು, ನಮ್ಮ ರೊಟ್ಟಿ ಬೇಕು, ನಾವಷ್ಟ ಬ್ಯಾಡೇನ್?"

ಅವನು ಕಂಪ್ಯೂಟರ್ ನೋಡುತ್ತ ಕೂತ.

ಹೊರಗೆ ಬಂದು ಬೇವಿನ ಮರದ ಕೆಳಗೆ, ದಾರಿಗೆಂದು ತಂದಿದ್ದ ಬುತ್ತಿ ಬಿಚ್ಚಿದೆವು. ಎರಡು ತುತ್ತು ತಿಂದಿರಲಿಲ್ಲ, ವಾಡೆಯ ಮಾಳಿಗೆಯಿಂದ ಗೆಸ್ಟ್‌ಗಳು ನಮ್ಮ ಫೋಟೊ ತೆಗೆಯತೊಡಗಿದರು. ಅದೇ ಮ್ಯಾನೇಜರ್ ಪಕ್ಕದಲ್ಲಿ ನಿಂತು ನಮ್ಮತ್ತ ಕೈ ತೋರಿಸಿ ವಿವರಿಸುತ್ತಿದ್ದ: "ನೋಡ್ರಿ ಸರ್, ನಮ್ಮ ಕಡಿ ಮಂದಿ ಹಿಂಗ ಊಟ ಮಾಡ್ತಾರ."

ಆ ರೂಮುಗಳ ಬಾಡಿಗೆಯಲ್ಲಿ ನಾವೂ ಸೇರಿದ್ದೇವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.