ನಾಲ್ಕು ಗಾಲಿಗೆ ಔಡಲೆಣ್ಣೆ

ನಿನ್ನೆ ಸಂಜೆ ಮಗಳು ಕೊಪ್ಪಳದ ಮನೆಗೆ ಬಂದವಳೇ ಒಂದು ಚೀಟಿ ನನ್ನ ಮುಂದೆ ಒಗೆದಳು. "ನೋಡಬೇ, ಇಷ್ಟುದ್ದ ಕಾರಿಗೆ ಬ್ರೇಕ್ ಹಾಕಿಸಿದ್ದಕ್ಕ ಮಿಸ್ತ್ರಿ ಎಷ್ಟು ಬರದಾನ!" ನನಗೆ ಅಕ್ಷರ ಕೂಡಿಸಲು ಹೊತ್ತು ಬೇಕು, ಅಂಕಿ ಮಾತ್ರ ತಟ್ಟನೆ ಕಾಣುತ್ತವೆ. ಕಂಡವು. ಚೀಟಿಯ ಮೂಲೆಗೆ ಯಾರದೋ ಎಣ್ಣೆ ಬೆರಳು ಒತ್ತಿತ್ತು. ಮೂಗಿಗೆ ಹಿಡಿದೆ. "ಚೀಟಿ ಯಾಕ ಮೂಸತೀ?" ಎಂದಳು. ಔಡಲೆಣ್ಣೆ ವಾಸನೆ ಬರುತ್ತದೇನೋ ಅಂತ ನೋಡಿದ್ದು. ಆಗ ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಕೂಡ್ರಿ.

ಎಪ್ಪತ್ತೆಂಟನೇ ಇಸವಿ ಇರಬೇಕು. ಮಗಳು ಆಗ ಸಾಲಿಯಲ್ಲಿ ಒಂದನೇ ಇಯತ್ತೆ. ಗಂಡ ತೀರಿಕೊಂಡಿದ್ದ. ನಾನು ಯಲಬುರ್ಗಾದಾಗ ಎಲ್ಲರೂ ಬಾಯಿಯವರು ಎನ್ನುತ್ತಿದ್ದ ಒಬ್ಬ ಲೇಡಿ ಡಾಕ್ಟರ್ ಮನೆಯಲ್ಲಿ ರೊಟ್ಟಿ ಬಡಿದುಕೊಂಡು, ಅವರ ಹಿತ್ತಲ ಖೋಲಿಯಲ್ಲಿ ಇದ್ದೆ. ಕೆಲಸ ಹೋದರೆ ಖೋಲಿಯೂ ಹೋಯಿತು, ಮಗಳ ಸಾಲಿಯೂ ಹೋಯಿತು. ಇಷ್ಟು ನೆನಪಿಟ್ಟುಕೊಳ್ಳಿ ಸಾಕು.

ಬಾಯಿಯವರ ಹತ್ತಿರ ಒಂದು ಸಣ್ಣ ಕಾರು. ಅದನ್ನು ನಡೆಸುವವನು ಹನುಮಪ್ಪ. ಸಿಟ್ಟಿನ ಮನುಷ್ಯ, ಕಾರಿನ ಹತ್ತಿರ ಕೋಳಿ ಸುಳಿದರೂ ಕಲ್ಲು ತೆಗೆದುಕೊಳ್ಳುತ್ತಿದ್ದ. ಊರೂರಿಗೆ ಬಾಣಂತಿ ನೋಡಲು ಹೋಗುವುದು, ಬರುವುದು, ಇದೇ ಇಬ್ಬರ ಕೆಲಸ. ಆ ವರ್ಷ ಮಾನವಮಿ ಹಬ್ಬ ಹತ್ತಿರ ಬಂದಾಗ ಕಾರು ನಿಲ್ಲಿಸುವಾಗೆಲ್ಲ ಗಾಲಿ ಕೀಂಯ್ ಅನ್ನಲು ಹಿಡಿಯಿತು. ಹನುಮಪ್ಪ ದಿನಾ ಹೇಳುತ್ತಿದ್ದ, "ಬಾಯಾರ, ಕೊಪ್ಪಳಕ್ಕ ಒಯ್ದು ಮಿಸ್ತ್ರಿಗೆ ತೋರಸೋಣ್ರಿ." ಬಾಯಿಯವರು ದಿನಾ "ಬರೋ ವಾರ" ಎನ್ನುತ್ತಿದ್ದರು.

ನನ್ನ ತವರಿನಲ್ಲಿ ಎರಡು ಬಂಡಿ ಇದ್ದವು. ಗಾಲಿ ಅತ್ತಿತೆಂದರೆ ಅಪ್ಪ ನಮಗೆ ಬೈಯುತ್ತಿದ್ದ. ಕೀಲಿಗೆ ಎಣ್ಣೆ ಕಾಣಿಸುವುದು ನಮ್ಮ ಮನೆ ಹೆಣ್ಣುಮಕ್ಕಳ ಕೆಲಸ. ಎಣ್ಣೆ ಬಿದ್ದ ಬಂಡಿ ಸುಮ್ಮನೆ ಹೋಗುತ್ತದೆ, ಎತ್ತಿಗೂ ಹಗುರ. ಇಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಆಯುಧ ಪೂಜೆ ಮುಂಜಾನೆ ಹನುಮಪ್ಪ ಹೂವು ತರಲು ಹೋಗಿದ್ದ. ಕಾರು ತೊಳೆಯುತ್ತಿದ್ದೆ. ಹಬ್ಬದ ದಿನವೂ ಈ ಮೂಕ ಗಾಡಿ ಯಾಕೆ ಅಳಬೇಕು ಅನ್ನಿಸಿತು. ಸೌಟಿನ ಹಿಡಿಕೆಯಿಂದ ಗಾಲಿ ಮೇಲಿನ ಹೊಳೆಯುವ ತಾಟು ಎಬ್ಬಿಸಿದೆ. ಒಳಗೆ ಒಂದು ತೂತು ಕಂಡಿತು. ಎಣ್ಣೆ ಬಿಡಲಿಕ್ಕೇ ಮಾಡಿದಂಗಿತ್ತು. ಮನೆಯ ಔಡಲೆಣ್ಣೆ ಕುಡಿಕೆಯಿಂದ ಬಿಟ್ಟೆ. ಅತ್ತಿದ್ದು ಮುಂದಿನ ಎರಡು ಗಾಲಿ, ಆದರೂ ಹಿಂದಿನವಕ್ಕೂ ಬಿಟ್ಟೆ. ಉಣಿಸುವಾಗ ಪಂಕ್ತಿಭೇದ ಮಾಡಬಾರದಲ್ಲ. ತಾಟು ಮುಚ್ಚಿ, ವಿಭೂತಿ ಹಚ್ಚಿ, ಕೈಮುಗಿದೆ. ಭಾಳ ಶಾಣ್ಯಾಕಿ ನಾನು.

ಮರುದಿನ ಕಾರು ಸದ್ದಿಲ್ಲದೆ ಹೋಯಿತು. ಕುಷ್ಟಗಿ ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಹನುಮಪ್ಪ ಬ್ರೇಕ್ ತುಳಿದ. ಕಾರು ನಿಲ್ಲಲಿಲ್ಲ. ಅವನು ರಸ್ತೆ ಬಿಟ್ಟು ಹೊಲದ ಬಣವೆಗೆ ಹೊಡೆದ. ಕುರಿ ಉಳಿದವು, ಬಾಯಿಯವರ ಹಣೆ ಒಡೆದು ಒಂದು ಹೊಲಿಗೆ ಬಿತ್ತು. ಕಾರನ್ನು ಲಾರಿಗೆ ಕಟ್ಟಿ ಕೊಪ್ಪಳದ ಪಕ್ಕದ ಭಾಗ್ಯನಗರದ ಮಿಸ್ತ್ರಿ ಹತ್ತಿರ ಎಳೆದೊಯ್ದರು. ಅವನು ಗಾಲಿ ಬಿಚ್ಚಿ, "ಒಳಗ ಎಣ್ಣಿ ಐತಿ. ಬೇಕಂತನ ಹಾಕ್ಯಾರ" ಅಂದನಂತೆ.

ಹನುಮಪ್ಪ ಆ ಎಣ್ಣೆ ಮೂಸಿದ. ಮನೆಗೆ ಬಂದವನೇ ಅಂಗಳದಲ್ಲಿ ನಿಂತು ನನ್ನ ಕಡೆ ಬೆರಳು ಮಾಡಿದ. "ಇಕಿ ಹಾಕ್ಯಾಳ್ರಿ! ಔಡಲೆಣ್ಣಿ ಈ ಮನ್ಯಾಗ ಇಕಿ ಬಿಟ್ಟು ಯಾರು ಮುಟ್ಟತಾರ?"

ಬಾಯಿಯವರು ಸಿಡಿದರು. "ಕಾರಿನ ಬಾಗಿಲಾ ತಗಿಯಾಕ ಬರೂದಿಲ್ಲ ಆಕಿಗೆ. ನಿನ್ನ ತಪ್ಪು ಹೆಣ್ಣುಮಗಳ ಮ್ಯಾಲ ಹಾಕತೀ? ನಾಳಿಂದ ಬರಬ್ಯಾಡ."

ನಾನು ಬಾಗಿಲ ಹಿಂದೆ ಹಿಟ್ಟಿನ ಕೈಯಲ್ಲಿ ನಿಂತಿದ್ದೆ. ನಿಜ ಹೇಳಿದವನನ್ನು ಯಾರೂ ನಂಬಲಿಲ್ಲ, ಸುಮ್ಮನಿದ್ದವಳನ್ನು ಎಲ್ಲರೂ ನಂಬಿದರು. ಮಗಳ ಮುಖ ನೋಡಿ ಸುಮ್ಮನಿದ್ದೆ ಎಂದು ಹೇಳಿದರೆ ನೀವು ಅಯ್ಯೋ ಪಾಪ ಅನ್ನುತ್ತೀರಿ. ಅನ್ನಬೇಡಿ. ಅವನಿಗೂ ಮೂರು ಮಕ್ಕಳಿದ್ದವು.

ಮೂರನೇ ದಿನ ಅವನು ಕಾರಿನ ಕೀಲಿ ಕೊಡಲು ಬಂದ. ರೂಢಿಯಂತೆ ನೀರು ಕೊಟ್ಟೆ. ತಂಬಿಗೆ ನೋಡಿದ, ನನ್ನ ನೋಡಿದ. "ಬ್ಯಾಡ ಯಕ್ಕಾ. ಇದಕ್ಕೂ ಎಣ್ಣಿ ಹಾಕಿರ್ತಿ." ಹೋಗಿಬಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರು ಬಿಟ್ಟು ಹೋದದ್ದು ತಡೆಯಲಾಗಲಿಲ್ಲ.

ಒಳಗೆ ಹೋಗಿ, ಎಣ್ಣೆ ಬಿಟ್ಟವಳು ನಾನೇ ಎಂದು ಹೇಳಿದೆ. ಬಾಯಿಯವರು ನಂಬಲಿಲ್ಲ ನೋಡ್ರಿ! "ಅವನ್ನ ಉಳಸಾಕ ಸುಳ್ಳು ಹೇಳಬ್ಯಾಡ" ಎಂದರು. ನನಗೇ ಸಿಟ್ಟು ಬಂತು. "ಸೌಟು ತರತೀನ್ರಿ, ಭಾಗ್ಯನಗರಕ್ಕ ನಡೀರಿ" ಎಂದೆ.

ಹಣೆಗೆ ಪಟ್ಟಿ ಕಟ್ಟಿದ ಡಾಕ್ಟರ್, ಸೆರಗಿನಲ್ಲಿ ಸೌಟು ಸಿಕ್ಕಿಸಿಕೊಂಡ ನಾನು, ನಡುವೆ ಮನೆಯಿಂದ ಕರೆಸಿಕೊಂಡ ಹನುಮಪ್ಪ, ಮೂವರೂ ಬಸ್ಸಿನಲ್ಲಿ ಹೋದೆವು. ಮಿಸ್ತ್ರಿ ಮುಂದೆ ತಾಟು ಎಬ್ಬಿಸಿ, ತೂತು ತೋರಿಸಿದೆ. ಅವನು ನಗಲು ಶುರು ಮಾಡಿದವನು ಕಣ್ಣು ಒರೆಸಿಕೊಂಡ. "ಯವ್ವಾ, ಬಂಡಿ ಗಾಲಿ ಅತ್ತರ ಎಣ್ಣಿ ಕೇಳತೈತಿ. ಇದು ಅತ್ತರ ಸವದ ಬ್ರೇಕ್ ಪಟ್ಟಿ ಬದಲಿ ಮಾಡ್ರಿ ಅಂತೈತಿ. ಈ ಪಟ್ಟಿ ಹಿಡದರ ಗಾಲಿ ನಿಲ್ಲತೈತಿ. ನೀ ನಿಲ್ಲಸೋದಕ್ಕ ಎಣ್ಣಿ ಹಾಕೀದಿ." ನಾಲ್ಕೂ ಗಾಲಿಯ ಪಟ್ಟಿ ಎಣ್ಣೆ ಕುಡಿದು ಕೆಟ್ಟಿದ್ದವು. ಹೊಸವಕ್ಕೆ ಅವನು ಹೇಳಿದ ರೇಟು ನನ್ನ ನಾಲ್ಕು ತಿಂಗಳ ಪಗಾರ.

ಬಾಯಿಯವರು ನನ್ನ ಕಡೆ ತಿರುಗಿದರು. "ಅರ್ಧ ನಂದು. ಹದಿನೈದು ದಿನ ಕೇಳಿಸಿಕೊಂಡು ಬರೋ ವಾರ ಅಂದಾಕಿ ನಾನು. ಅರ್ಧ ನಿಂದು" ಎಂದರು.

"ನಂದೇನಿಲ್ರಿ!" ಹನುಮಪ್ಪ ಒದರಿದ.

"ಇಲ್ಲ. ನಿನ್ನ ಮೂರು ದಿನದ ಪಗಾರ ನಾ ಕೊಡಬೇಕು. ನಿನ್ನ ಮಾತು ನಂಬಲಿಲ್ಲ, ಅದೂ ನನ್ನ ತಪ್ಪು." ಮಿಸ್ತ್ರಿ ಎದುರಿಗೇ ಹೇಳಿದರು. ಅಂಥ ಮಾತು ನಾನು ದೊಡ್ಡವರ ಬಾಯಿಂದ ಅದಕ್ಕೆ ಮೊದಲು ಕೇಳಿರಲಿಲ್ಲ.

ನನ್ನ ಅರ್ಧವನ್ನು ಪಗಾರದಲ್ಲಿ ತಿಂಗಳಿಗಿಷ್ಟು ಮುರಿದುಕೊಂಡರು. ಒಂದು ರೂಪಾಯಿ ಬಿಡಲಿಲ್ಲ. ಅದಕ್ಕೇ ನಾನು ಆ ಬಾಯಿಯವರಿಗೆ ಋಣಿ. ಬಿಟ್ಟಿದ್ದರೆ ಸಾಯುವತನಕ ಅವರ ಮನೆಯ ಪಾಪದ ಹೆಂಗಸಾಗಿ ಇರುತ್ತಿದ್ದೆ. ಮುರಿದುಕೊಂಡದ್ದರಿಂದ ತಪ್ಪು ಮಾಡಿದವಳಾದೆ, ತೀರಿಸಿದವಳಾದೆ. ಖೋಲಿ ಉಳಿಯಿತು. ಮಗಳು ಅಲ್ಲೇ ಓದಿ ನರ್ಸ್ ಆದಳು.

ಹನುಮಪ್ಪನಿಗೂ ಋಣಿ. ಮತ್ತೆ ಕೆಲಸಕ್ಕೆ ಬಂದವನು ಕ್ಷಮಿಸಿದೆ ಅಂತ ಎಂದೂ ಹೇಳಲಿಲ್ಲ. ಆದರೆ ಆ ಕಾರಿನ ಗಾಲಿ ಬಿಚ್ಚಿದಾಗೆಲ್ಲ ಅಂಗಳದಿಂದ ಕೂಗುತ್ತಿದ್ದ, "ಬಾರಬೇ ಯಕ್ಕಾ, ಕುಡಿಕೆ ತಗೊಂಡು ಬಾ!" ನಾನು ತಂಬಿಗೆ ನೀರು ಒಯ್ಯುತ್ತಿದ್ದೆ. ಮೊದಲು ಮೂಸುತ್ತಿದ್ದ, ಆಮೇಲೆ ಪೂರ್ತಿ ಕುಡಿಯುತ್ತಿದ್ದ.

ಇಷ್ಟೆಲ್ಲ ನೆನಪಾಗಿ, ನಿನ್ನೆ ಎದ್ದು ನನ್ನ ಪಿಂಚಣಿ ಡಬ್ಬಿ ತೆಗೆದೆ. ಚೀಟಿಯಲ್ಲಿದ್ದುದರ ಅರ್ಧ ಎಣಿಸಿ ಮಗಳ ಮುಂದೆ ಇಟ್ಟೆ.

"ಇದ್ಯಾಕಬೇ?"

"ನಿನ್ನ ಕಾರು ಒಂದು ತಿಂಗಳಿಂದ ಕೀಂಯ್ ಅಂತಿತ್ತು. ನೀ ಹಾಡು ಹಚ್ಚಿಕೊಂಡು ಓಡಸತೀ, ನಿನಗ ಕೇಳಸಂಗಿಲ್ಲ. ನನಗ ಕೇಳಸಿತ್ತು. ಗಾಡಿ ವಿಷಯದಾಗ ಬಾಯಿ ಹಾಕಬಾರದಂತ ಸುಮ್ಮನಿದ್ದೆ."

ಆಮೇಲೆ ಅವಳಿಗೂ ಕಥೆ ಹೇಳಿದೆ, ತಂಬಿಗೆಯ ಮಾತೂ ಬಿಡದೆ. ನಕ್ಕಳು, ನಡುವೆ ಒಮ್ಮೆ ನಗು ನಿಲ್ಲಿಸಿದಳು. ಕಡೆಗೆ ದುಡ್ಡು ಎತ್ತಿ ಎಣಿಸಿ ಪರ್ಸಿನಲ್ಲಿ ಇಟ್ಟುಕೊಂಡಳು. ಬೇಡ ಅನ್ನಲಿಲ್ಲ.